ವಿದೇಶದ ಹೈಸ್ಕೂಲಿಗೆ ಎತ್ತಿನ ಗಾಡಿಯಲ್ಲಿ

ಈಚೆಗೆ ನಮ್ಮ ನೆಂಟರ ಹುಡುಗಿಯೊಬ್ಬಳು ಹೈಸ್ಕೂಲು ಓದುವುದಕ್ಕೆ ಹೊರದೇಶಕ್ಕೆ ಹೊರಟಳು. ಹೊರಡುವ ಮುಂಚೆ ಅವಳನ್ನೂ ಅವಳ ಅಪ್ಪ ಅಮ್ಮನನ್ನೂ ಯಾವುದೋ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಅಲ್ಲಿ ಏನೇನು ಎದುರಾಗುತ್ತದೆ ಎಂದು ಇಡೀ ದಿನ ಪಾಠ ಹೇಳಿದರಂತೆ. ಊಟ ಬೇರೆ ಇರುತ್ತದೆ, ಮಾತು ಬೇರೆ ಇರುತ್ತದೆ, ಮನೆ ನೆನಪಾಗಿ ಅಳು ಬರುತ್ತದೆ, ಗಾಬರಿಯಾಗಬೇಡಿ. ಇಷ್ಟು ಹೇಳಿ ಬಿಸ್ಕತ್ತು ಕೊಟ್ಟು ಕಳಿಸಿದರಂತೆ. ಹುಡುಗಿ ಆಶೀರ್ವಾದಕ್ಕೆ ಬಂದಾಗ, ನಾನೂ ಹೈಸ್ಕೂಲು ಓದಿದ್ದು ವಿದೇಶದಲ್ಲೇ ಕಣಮ್ಮ ಎಂದೆ. ಅವಳಪ್ಪ ಕಿಸಕ್ಕನೆ ನಕ್ಕ. ಮುದುಕನಿಗೆ ಅರಳುಮರಳು ಅಂದುಕೊಂಡಿರಬೇಕು. ನಗಲಿ, ನನಗೇನು. ನಾನು ಸುಳ್ಳು ಹೇಳಿರಲಿಲ್ಲ.

ನನ್ನ ವಿದೇಶ ನಮ್ಮೂರಿನಿಂದ ಎತ್ತಿನ ಗಾಡಿಯ ದೂರದಲ್ಲಿತ್ತು. ನಮ್ಮದು ಹೊಸಕೋಟೆ ತಾಲ್ಲೂಕು, ನಂದಗುಡಿ ಕಡೆಯ ಹಳ್ಳಿ. ಹೊಲದಲ್ಲಿ ರಾಗಿ, ಬಾವಿಯ ಕೆಳಗೆ ತರಕಾರಿ ಮಾಡುವ ಒಕ್ಕಲು ಮನೆ. ಆಗ ಬೆಂಗಳೂರು ಒಂದಲ್ಲ, ಎರಡು. ಪೇಟೆ ಮೈಸೂರು ಮಹಾರಾಜರದ್ದು, ದಂಡು, ಅಂದರೆ ಕಂಟೋನ್ಮೆಂಟು, ಇಂಗ್ಲಿಷರದ್ದು. ದಂಡಿನಲ್ಲಿ ಪೊಲೀಸು ಬೇರೆ, ಕೋರ್ಟು ಬೇರೆ, ಕಾನೂನು ಬೇರೆ. ಹಳೇ ಮದ್ರಾಸು ರಸ್ತೆಯಲ್ಲಿ ಗಾಡಿ ಹೊಡೆದುಕೊಂಡು ಹೋದರೆ ಹಲಸೂರಿನ ಹತ್ತಿರ ಸುಂಕದ ಗೇಟು ಸಿಗುತ್ತಿತ್ತು. ಗೇಟಿನ ಈಚೆ ಎತ್ತು ಸಗಣಿ ಹಾಕಿದರೆ ಅದು ಮಹಾರಾಜರ ಸಗಣಿ. ಆಚೆ ಹಾಕಿದರೆ ಲಂಡನ್ನಿನ ಚಕ್ರವರ್ತಿಯದ್ದು. ಎತ್ತಿಗೆ ಇದೆಲ್ಲ ಗೊತ್ತಿರಲಿಲ್ಲ, ಆದರೆ ನಮ್ಮೂರಿನವರಿಗೆ ಚೆನ್ನಾಗಿ ಗೊತ್ತಿತ್ತು.

ಯುದ್ಧ ಇನ್ನೂ ಮುಗಿದಿರಲಿಲ್ಲ. ದಂಡಿನ ತುಂಬ ಸೋಲ್ಜರುಗಳು. ಅವರ ಹೊಟ್ಟೆಗೆ ಕೋಸು, ಬೀನ್ಸು, ಮೊಟ್ಟೆ ಕೊಡುವ ಗುತ್ತಿಗೆ ಅಪ್ಪನಿಗೆ ಸಿಕ್ಕಿತ್ತು. ಅಪ್ಪನಿಗೆ ಇಂಗ್ಲಿಷಿನಲ್ಲಿ ಎಸ್, ನೋ, ಗುಡ್, ಬ್ಯಾಡ್, ಟುಮಾರೋ ಎಂಬ ಮಾತುಗಳು ಬರುತ್ತಿದ್ದವು. ಉಳಿದದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ಉಗ್ರಾಣದ ಸಾಹೇಬ ಮೊಟ್ಟೆ ಕೆಟ್ಟಿದೆ ಎಂದು ಬೈದನೋ, ಚೆನ್ನಾಗಿದೆ ಎಂದು ಹೊಗಳಿದನೋ ತಿಳಿಯದೆ, ಎರಡಕ್ಕೂ ಒಂದೇ ರೀತಿ ಹಲ್ಲು ಕಿರಿದು ಬರುತ್ತಿದ್ದ. ಕೊನೆಗೆ ರೋಸಿಹೋಗಿ ಒಂದು ತೀರ್ಮಾನ ಮಾಡಿದ. ಹೊಸಕೋಟೆಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ದಂಡಿನ ಹೈಸ್ಕೂಲಿಗೆ ಹಾಕುವುದು.

"ಓದಿ ದಿವಾನನಾಗು ಅಂತಲ್ಲ ಕಣ್ಲಾ," ಎಂದು ಮೊದಲೇ ಹೇಳಿಬಿಟ್ಟ. "ನನ್ನ ಮಾತು ಅವ್ರಿಗೆ ಹೇಳ್ಬೇಕು, ಅವ್ರ ಮಾತು ನಂಗೆ ಹೇಳ್ಬೇಕು. ಅಷ್ಟು ಬಂದ್ರೆ ಸಾಕು. ಬಂದ ದಿನಾನೇ ಗಾಡೀಲಿ ಕೂರಿಸ್ಕೊಂಡು ವಾಪಸ್ ಕರ್ಕೊಂಡ್ಬಂದ್ಬಿಡ್ತೀನಿ."

ನನ್ನ ಆಸೆ ಬೇರೆಯೇ ಇತ್ತು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಒಕ್ಕಲ ಮಕ್ಕಳು ಯಾರೂ ಎಸ್ಸೆಲ್ಸಿ ಪಾಸು ಮಾಡಿರಲಿಲ್ಲ. ನಾನು ಮಾಡಬೇಕು ಎಂಬ ಹುಚ್ಚು ನನಗೆ ಹಿಡಿದಿತ್ತು. ಪಾಸು ಮಾಡಿ ಏನು ಮಾಡುತ್ತೀಯ ಎಂದರೆ ಉತ್ತರ ಗೊತ್ತಿರಲಿಲ್ಲ. ಆದರೂ ಬೇಕು ಎಂದರೆ ಬೇಕು. ಅಪ್ಪನಿಗೆ ಬೇಕಾದದ್ದು ಒಬ್ಬ ದುಭಾಷಿ, ನನಗೆ ಬೇಕಾದದ್ದು ಮೂರು ವರ್ಷದ ಪೂರ್ತಿ ಓದು. ನಾನು ಬೇಗ ಕಲಿತರೆ ಅಪ್ಪ ಬೇಗ ಕರೆದುಕೊಂಡು ಬಂದುಬಿಡುತ್ತಾನೆ. ಕಲಿಯದಿದ್ದರೆ ಫೇಲಾಗುತ್ತೇನೆ. ಹೀಗೆ ಹೊರಡುವ ಮುಂಚೆಯೇ ನಾನು ಇಕ್ಕಟ್ಟಿಗೆ ಸಿಕ್ಕಿದ್ದೆ.

ಆ ಹುಡುಗಿಗೆ ಹೋಟೆಲಿನಲ್ಲಿ ಆದ ಪಾಠ ನನಗೆ ನಮ್ಮ ಜಗಲಿಯ ಮೇಲೆ ಆಯಿತು. ಪಾಠ ಹೇಳಿದವರು ಇಬ್ಬರು. ಒಬ್ಬ ನಮ್ಮ ತಾತ, ದಂಡನ್ನು ಕಣ್ಣಲ್ಲೂ ನೋಡಿದವನಲ್ಲ. ಇನ್ನೊಬ್ಬರು ಊರಿನ ಶಾನುಭೋಗರು. ಅವರು ಯಾವಾಗಲೋ ಒಂದು ಸಲ ದಂಡಿಗೆ ಹೋಗಿ, ಎಲ್ಲೆಂದರಲ್ಲಿ ಎಲೆಅಡಿಕೆ ಉಗಿದದ್ದಕ್ಕೆ ಪೊಲೀಸಿನವನಿಂದ ಬೈಸಿಕೊಂಡು ಬಂದಿದ್ದರು. ಆದ್ದರಿಂದ ಅವರೇ ನಮ್ಮ ಹೋಬಳಿಯ ವಿದೇಶಾಂಗ ಪಂಡಿತರು.

"ಅಲ್ಲಿ ಕೈಯಲ್ಲಿ ಊಟ ಮಾಡೋ ಹಾಗಿಲ್ಲ. ಚೂರಿ, ಮುಳ್ಳು ಹಿಡ್ಕೊಂಡು ಯುದ್ಧ ಮಾಡಿದ ಹಾಗೆ ಮಾಡ್ಬೇಕು," ಎಂದರು ಶಾನುಭೋಗರು. "ನಾಯಿ ಎದುರಿಗೆ ಬಂದ್ರೂ ಥ್ಯಾಂಕ್ಯೂ ಅನ್ನಬೇಕು. ಹೆಂಗಸ್ರು ಕೈ ಚಾಚಿದ್ರೆ ನೀನೂ ಚಾಚ್ಬೇಕು, ಓಡಿ ಬಂದ್ಬಿಡಬೇಡ."

ತಾತನ ಚಿಂತೆ ಇನ್ನೂ ತಳಮಟ್ಟದ್ದು. "ಅಲ್ಲಾ ಸ್ವಾಮಿ, ಅವರು ಬೆಳಿಗ್ಗೆ ಹೊತ್ತು ನೀರು ಮುಟ್ಟಲ್ವಂತೆ, ಕಾಗದವಂತೆ. ನಮ್ಮ ಹುಡುಗನಿಗೆ ಒಂದು ಚೊಂಬು ನೀರಾದ್ರೂ ಕೊಡ್ತಾರಾ?"

ಶಾನುಭೋಗರಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಅರ್ಜಿ ಕೊಟ್ಟರೆ ಕೊಡುತ್ತಾರೆ ಎಂದುಬಿಟ್ಟರು. ಅವ್ವ ಯಾವುದಕ್ಕೂ ಇರಲಿ ಎಂದು ನನ್ನ ಟ್ರಂಕಿನಲ್ಲಿ ಒಂದು ಹಿತ್ತಾಳೆ ಚೊಂಬು ಇಟ್ಟಳು.

ನಾನು ಉಳಿಯಬೇಕಾಗಿದ್ದದ್ದು ಒಬ್ಬ ದೊರೆಸಾನಿಯ ಮನೆಯಲ್ಲಿ. ಆಕೆಯ ಅಪ್ಪ ಇಂಗ್ಲಿಷಿನವನು, ಅಮ್ಮ ಇಲ್ಲಿಯವಳು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು, ಹಲಸೂರಿನ ಹಿಂದೆ ಹೆಂಚಿನ ಮನೆಯೊಂದರಲ್ಲಿ ಒಬ್ಬಳೇ ಇದ್ದಳು. ಯುದ್ಧದ ಕಾಲದಲ್ಲಿ ಒಳ್ಳೆಯ ಮೊಟ್ಟೆ ಸಿಗುವುದೇ ಕಷ್ಟ. ವಾರಕ್ಕೊಮ್ಮೆ ಅಪ್ಪ ಮೊಟ್ಟೆ, ತರಕಾರಿ ಕೊಡುವುದು, ಅದರ ಬದಲಿಗೆ ಆಕೆ ನನ್ನನ್ನು ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು. ಇದು ತಿಳಿದೊಡನೆ ಜಾತಿಯ ಪ್ರಶ್ನೆ ಎದ್ದಿತು. ಅವರ ಮನೆಯ ಅಡುಗೆ ನಾನು ಉಣ್ಣಬಹುದೇ? ತಾತ ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡ. ಆಮೇಲೆ ತೀರ್ಪು ಕೊಟ್ಟ. ಮೊಟ್ಟೆ ನಮ್ಮ ಕೋಳಿಯದು, ಕೋಸು ನಮ್ಮ ಬಾವಿಯ ನೀರಿನದು. ಅದು ವಿದೇಶಕ್ಕೆ ಹೋಗಿ ಬೆಂದರೂ ನಮ್ಮದೇ ಅಡುಗೆ. ಮಾಂಸ ಮಾತ್ರ ಅಲ್ಲಿ ಯಾವುದೂ ಮುಟ್ಟಬಾರದು. ಬ್ರೆಡ್ಡಿನ ವಿಷಯದಲ್ಲಿ ತಾತನಿಗೆ ಸ್ವಲ್ಪ ಅನುಮಾನ ಉಳಿದಿತ್ತು. ಅದನ್ನು ಕಣ್ಣು ಮುಚ್ಚಿಕೊಂಡು ತಿನ್ನು ಎಂದ.

ಇಷ್ಟೆಲ್ಲ ಪಾಠ ಹೇಳಿದ ದೊಡ್ಡವರು ಮುಖ್ಯವಾದ ಒಂದನ್ನು ಮರೆತಿದ್ದರು. ಮರೆತರು ಎಂದರೂ ತಪ್ಪು, ಅದು ಹೇಳಬೇಕಾದ ಸಂಗತಿ ಎಂದೇ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಯಾರದಾದರೂ ಮನೆಗೆ ಹೋದಾಗ ಊಟಕ್ಕೆ ಏಳಿ ಎಂದರೆ ಬೇಡ ಎನ್ನಬೇಕು. ಎರಡನೇ ಸಲ ಕರೆದರೆ ಅಯ್ಯೋ ಬೇಡಿ, ಈಗ ತಾನೇ ಆಯ್ತು ಎನ್ನಬೇಕು. ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿದ್ದರೂ ಹಾಗೆಯೇ. ಮೂರನೇ ಸಲ ಮನೆಯವರು ಕೈ ಹಿಡಿದು ಎಳೆಯುತ್ತಾರೆ, ಆಗ ಏನೋ ಅವರ ಬಲವಂತಕ್ಕೆ ಎಂಬಂತೆ ಏಳಬೇಕು. ಬಡಿಸುವಾಗಲೂ ಇದೇ ಕ್ರಮ. ಮೊದಲ ಸಲಕ್ಕೇ ಹೂಂ ಎಂದವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಎರಡೇ ಸಲ ಕೇಳಿ ಬಿಟ್ಟವರನ್ನು ಜುಗ್ಗರು ಎನ್ನುತ್ತಾರೆ, ಅಂಥ ಮನೆಗೆ ಹೆಣ್ಣು ಕೊಡುವುದಕ್ಕೂ ಹಿಂದೆ ಮುಂದೆ ನೋಡುತ್ತಾರೆ.

ಮೊದಲ ರಾತ್ರಿ ದೊರೆಸಾನಿ ನನ್ನ ಮುಂದೆ ಬ್ರೆಡ್ಡು, ಹುರಿದ ಮೊಟ್ಟೆಯ ತಟ್ಟೆ ಹಿಡಿದಳು. ಆಕೆಗೆ ಕನ್ನಡ ಬಾರದು, ಅಡುಗೆಮನೆಯ ತಮಿಳು ಬರುತ್ತಿತ್ತು. "ವೇಣುಮಾ?" ಎಂದಳು, ಬೇಕಾ ಎಂದು. ದಂಡಿನ ಸಂತೆಗೆ ಅಪ್ಪನ ಜೊತೆ ಹೋಗಿ ಬಂದು ನನಗೂ ಅಷ್ಟು ತಮಿಳು ಗೊತ್ತಿತ್ತು. ಒಳ್ಳೆಯ ಮನೆತನದ ಹುಡುಗನಂತೆ ತಲೆ ತಗ್ಗಿಸಿ, "ವೇಂಡಾಂ" ಎಂದೆ. ಬೇಡ.

ಆಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಎರಡನೇ ಸಲ ಕೇಳುವುದಕ್ಕೆ ಬರುತ್ತಾಳೆ ಎಂದು ಕಾದೆ. ಬಿಸಿ ಮಾಡಲು ಹೋಗಿರಬಹುದು ಎಂದುಕೊಂಡೆ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಆಮೇಲೆ ದೀಪ ಆರಿತು! ಅಯ್ಯೋ ಶಿವನೇ, ಆ ಚೊಂಬಿನ ನೀರನ್ನೇ ಕುಡಿದು ಮಲಗಿದೆ. ಬೆಳಿಗ್ಗೆಯೂ ಅದೇ ಕಥೆ. ಆಕೆ ವೇಣುಮಾ ಎನ್ನುವುದು, ನನ್ನ ಬಾಯಿ ನನ್ನನ್ನು ಕೇಳದೆ ವೇಂಡಾಂ ಎನ್ನುವುದು. ಹದಿನಾಲ್ಕು ವರ್ಷ ಅವ್ವ ತಲೆಗೆ ಮೊಟಕಿ ಮೊಟಕಿ ಕಲಿಸಿದ ಮರ್ಯಾದೆ, ಒಂದು ಮೊಟ್ಟೆಯ ಆಸೆಗೆ ಬಿಟ್ಟುಹೋಗುತ್ತದೆಯೇ? ಒಂದೊಂದು ಸಲ ಆಕೆ ಕೇಳದೆಯೇ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ಅದನ್ನು ಮಾತ್ರ ತಟ್ಟೆ ಸಹಿತ ನುಂಗುವಂತೆ ತಿನ್ನುತ್ತಿದ್ದೆ.

ಖಾಲಿ ಹೊಟ್ಟೆಯಲ್ಲಿ ಆ ಸ್ಕೂಲು. ನಿಕ್ಕರಿನ ಮೇಲೆ ಕುತ್ತಿಗೆಗೆ ಟೈ. ಎತ್ತಿಗೆ ಕಣ್ಣಿ ಹಾಕಿದಂತೆ ಬೆಳಗಿನಿಂದ ಸಂಜೆವರೆಗೆ ಅದನ್ನು ಕಟ್ಟಿಕೊಂಡಿರಬೇಕು. ಮೇಷ್ಟರು ಒಳಗೆ ಬಂದರೆ ಏಳಬೇಕು, ಕೂರು ಎಂದರೆ ಥ್ಯಾಂಕ್ಯೂ ಸರ್ ಎನ್ನಬೇಕು, ಬೆತ್ತದಲ್ಲಿ ಹೊಡೆದ ಮೇಲೂ ಥ್ಯಾಂಕ್ಯೂ ಸರ್ ಎನ್ನಬೇಕು. ಶಾನುಭೋಗರು ನಾಯಿಯ ವಿಷಯದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ ಎನಿಸಿತು. ಭೂಗೋಳದಲ್ಲಿ ಇಂಗ್ಲೆಂಡಿನ ನದಿಗಳನ್ನೆಲ್ಲ ಸಾಲಾಗಿ ಬಾಯಿಪಾಠ ಮಾಡಿಸಿದರು. ನಮ್ಮ ಹೊಸಕೋಟೆ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಇಡೀ ತರಗತಿಗೆ ನಾನೇ ಮೊದಲಿಗ.

ವಾರದ ಕೊನೆಗೆ ಅಪ್ಪ ಮೊಟ್ಟೆಯ ಬುಟ್ಟಿ ಹೊತ್ತು ಬಂದಾಗ ದೊರೆಸಾನಿ ಬಾಗಿಲಲ್ಲೇ ನಿಲ್ಲಿಸಿಕೊಂಡಳು. ಅವಳ ಕಣ್ಣು ಕೆಂಪಾಗಿತ್ತು. ಇಂಗ್ಲಿಷು ತಮಿಳು ಎರಡನ್ನೂ ಕಲಸಿ ಆಕೆ ಹೇಳಿದ್ದು ನನಗೆ ಅಷ್ಟಿಷ್ಟು ತಿಳಿಯಿತು. ನಿನ್ನ ಮಗ ನಾನು ಕೊಟ್ಟದ್ದು ತಿನ್ನುವುದಿಲ್ಲ. ನನ್ನ ಕೈಯ ಊಟ ಮೈಲಿಗೆ ಎನ್ನುವವನು ನನ್ನ ಮನೆಯಲ್ಲಿ ಯಾಕಿರಬೇಕು? ನಿನ್ನ ಮೊಟ್ಟೆ ನಿನಗೇ ಇರಲಿ, ಹುಡುಗನನ್ನು ಕರೆದುಕೊಂಡು ಹೋಗು.

ನನ್ನ ಎಸ್ಸೆಲ್ಸಿ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಬಾಯಿ ತೆಗೆದರೆ ಅಳು ಬರುವಂತಿತ್ತು. ಅಪ್ಪ ನನ್ನ ಮುಖ ನೋಡಿದ, ಆಕೆಯ ಮುಖ ನೋಡಿದ. ಏನಾಗಿದೆ ಎಂದು ಅವನಿಗೆ ತಟ್ಟನೆ ಹೊಳೆಯಿತು. ಬುಟ್ಟಿ ಕೆಳಗಿಟ್ಟು, ಒಂದು ಮೊಟ್ಟೆ ಕೈಗೆ ತೆಗೆದುಕೊಂಡ. ಅದನ್ನು ನನ್ನ ಮುಂದೆ ಹಿಡಿದು, ಒಂದು ಬೆರಳೆತ್ತಿ, "ನೋ" ಎಂದ. ಎರಡು ಬೆರಳೆತ್ತಿ, "ನೋ" ಎಂದ. ಮೂರನೇ ಬೆರಳೆತ್ತಿ, ಮುಖ ಅರಳಿಸಿಕೊಂಡು, "ಎಸ್! ಎಸ್! ಗುಡ್!" ಎಂದು ಮೊಟ್ಟೆಯನ್ನು ನನ್ನ ಬಾಯಿಗೇ ತುರುಕಲು ಬಂದ. ಆಕೆಗೆ ಅರ್ಥವಾಗಲಿಲ್ಲ. ಅಪ್ಪ ಮತ್ತೆ ಮೊದಲಿನಿಂದ ಮಾಡಿದ. ಎರಡನೇ ಪ್ರದರ್ಶನದ ಮಧ್ಯದಲ್ಲಿ ದೊರೆಸಾನಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲು ಶುರುಮಾಡಿದಳು. ಕಣ್ಣೀರು ಬರುವವರೆಗೆ ನಕ್ಕಳು.

ಅಂದಿನಿಂದ ಆಕೆ ಮಿಲಿಟರಿಯ ಶಿಸ್ತಿನಲ್ಲಿ ಮೂರು ಸಲ ಕೇಳುತ್ತಿದ್ದಳು. ಹರಾಜಿನವರಂತೆ ಬೆರಳೆತ್ತಿ, ವೇಣುಮಾ ಒಂದು, ವೇಣುಮಾ ಎರಡು, ವೇಣುಮಾ ಮೂರು. ಮೂರನೆಯದಕ್ಕೆ ಕಾಯದೆ ತಟ್ಟೆಗೆ ಕೈ ಹಾಕಿದರೆ ಬೈಯುತ್ತಿದ್ದಳು. ನನಗಿಂತ ಹೆಚ್ಚು ಒಕ್ಕಲಗಿತ್ತಿ ಆಕೆಯೇ ಆಗಿಬಿಟ್ಟಳು.

ನಾನು ರಜಕ್ಕೆ ಊರಿಗೆ ಬಂದಾಗ ತಾತನ ಅಬ್ಬರ ನೋಡಬೇಕಾಗಿತ್ತು. ಬಂದುಹೋಗುವ ನೆಂಟರ ಮುಂದೆಲ್ಲ ನನ್ನನ್ನು ನಿಲ್ಲಿಸಿ, "ಎಲ್ಲಿ, ಇಂಗ್ಲಿಷ್ ಮಾತಾಡ್ಲಾ," ಎನ್ನುತ್ತಿದ್ದ. ಏನು ಮಾತಾಡುವುದು? ಇಂಗ್ಲೆಂಡಿನ ನದಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದೆ. ಎಲ್ಲರೂ ಗಂಭೀರವಾಗಿ ತಲೆದೂಗುತ್ತಿದ್ದರು. ಒಂದು ದಿನ ಮೊಂಡು ಹಿಡಿದು ನಿಂತಿದ್ದ ಎತ್ತಿನ ಮುಂದೆ ನನ್ನನ್ನು ನಿಲ್ಲಿಸಿ, ಇದಕ್ಕೂ ಇಂಗ್ಲಿಷಿನಲ್ಲಿ ಹೇಳು ಎಂದ. ಹೇಳಿದೆ. ಎತ್ತು ಹೆಜ್ಜೆ ಕಿತ್ತು ನಡೆಯಿತು. ಅಪ್ಪ ಹಿಂದಿನಿಂದ ಬಾಲ ತಿರುಚಿದ್ದನ್ನು ತಾತ ನೋಡಲಿಲ್ಲ, ಹೋಬಳಿಗೆಲ್ಲ ಇಂಗ್ಲಿಷಿನ ಮಹಿಮೆ ಸಾರಿಕೊಂಡು ಬಂದ.

ಅಷ್ಟರಲ್ಲಿ ಯುದ್ಧ ಮುಗಿದುಹೋಯಿತು. ಲೋಕವೆಲ್ಲ ಸಂತೋಷಪಟ್ಟಿತು, ನನಗೆ ಮಾತ್ರ ಅದು ಕೆಟ್ಟ ಸುದ್ದಿ. ಸೋಲ್ಜರುಗಳು ಹಡಗು ಹತ್ತಿದರು, ಅವರ ಜೊತೆ ಅಪ್ಪನ ಗುತ್ತಿಗೆಯೂ ಹೋಯಿತು. ಈಗ ದುಭಾಷಿ ಯಾರಿಗೆ ಬೇಕು? "ಸಾಕು ಬಾರ್ಲಾ," ಎಂದ ಅಪ್ಪ. "ನೀನು ಕಲ್ತಿದ್ದು ಆಯ್ತು, ಕೇಳೋರು ಹೋಗಿದ್ದೂ ಆಯ್ತು. ಇನ್ನು ಹೊಲ ನೋಡು." ನಾನು ಅವ್ವನ ಸೆರಗು ಹಿಡಿದು ಗೋಗರೆದೆ. ಅವ್ವ ತಾತನಿಗೆ ಹೇಳಿದಳು. ನೆಂಟರ ಮುಂದೆ ಮೊಮ್ಮಗನನ್ನು ಮೆರೆಸುವ ಸುಖ ಬಿಡಲಾರದೆ ತಾತ, ಇನ್ನೊಂದು ವರ್ಷ ಇರಲಿ ಎಂದ. ಮರುವರ್ಷವೂ ಹೀಗೆಯೇ ಗಲಾಟೆಯಾಗಿ, ಹೀಗೆಯೇ ತಾತನ ದಯದಿಂದ ಉಳಿದೆ.

ಕೊನೆಯ ವರ್ಷಕ್ಕೆ ಕಾಲಿಟ್ಟೆ. ಆಗ ಆದದ್ದು ಯಾವ ವಿದೇಶಿ ವಿದ್ಯಾರ್ಥಿಗೂ ಆಗಬಾರದು. ಇಂಗ್ಲಿಷರು ದೇಶ ಬಿಡುವ ಮುಂಚೆ ದಂಡನ್ನು ಮಹಾರಾಜರಿಗೆ ಒಪ್ಪಿಸಿಬಿಟ್ಟರು. ನಾನು ಕೂತ ಬೆಂಚಿನ ಮೇಲೆಯೇ ಕೂತಿದ್ದೆ, ನನ್ನ ಕೆಳಗಿನ ವಿದೇಶ ಹೋಗಿ ಸ್ವದೇಶವಾಗಿತ್ತು! ಊರಿಗೆ ಹೋದರೆ ಶಾನುಭೋಗರು ಜಗಲಿಯಿಂದಲೇ, "ಏನಪ್ಪಾ, ನಿನ್ನ ಸೀಮೆ ಎಲ್ಲಿ ಹೋಯ್ತು? ಈಗ ನೀನೂ ನಮ್ಮಂತೆ ಮಹಾರಾಜರ ಪ್ರಜೆಯೇ," ಎಂದು ನಕ್ಕರು. ತಾತ ಮುಖ ಚಿಕ್ಕದು ಮಾಡಿಕೊಂಡ. ನೆಂಟರ ಮುಂದೆ ನದಿ ಹೇಳಿಸುವುದು ನಿಂತಿತು. ನನ್ನ ಕಡೆ ಮಾತಾಡುವವರು ಇನ್ನು ಯಾರೂ ಇರಲಿಲ್ಲ.

ದೊರೆಸಾನಿಯೂ ಹೊರಟು ನಿಂತಳು. ಆಕೆಯ ಮಗಳು ಸೋಲ್ಜರೊಬ್ಬನನ್ನು ಮದುವೆಯಾಗಿ ಇಂಗ್ಲೆಂಡಿನಲ್ಲಿದ್ದಳು. ಹಲಸೂರಿನಲ್ಲಿ ಹುಟ್ಟಿ, ಹಲಸೂರಿನ ಆಚೆ ಕೋಲಾರವನ್ನಷ್ಟೇ ನೋಡಿದ್ದ ಹೆಂಗಸು, ಇಂಗ್ಲೆಂಡಿಗೆ ಹೋಗುವುದನ್ನು ಮನೆಗೆ ಹೋಗುತ್ತೇನೆ ಎನ್ನುತ್ತಿದ್ದಳು. ಅಲ್ಲಿ ಚಳಿ ಎಷ್ಟಿರುತ್ತದೋ, ಅಲ್ಲಿಯವರು ನನ್ನ ಬಣ್ಣ ನೋಡಿ ಏನೆನ್ನುತ್ತಾರೋ ಎಂದು ನನ್ನನ್ನು ಕೇಳುತ್ತಿದ್ದಳು. ವಿದೇಶದಲ್ಲಿ ಓದಿದವನಲ್ಲವೇ ನಾನು! ನದಿಗಳ ಹೆಸರು ಹೇಳಿದೆ. ನನಗೆ ಬೇರೇನೂ ಗೊತ್ತಿರಲಿಲ್ಲ.

ಆಕೆ ಹೋದರೆ ನನಗೆ ಮನೆಯಿಲ್ಲ. ಪರೀಕ್ಷೆಗೆ ಇನ್ನೂ ನಾಲ್ಕು ತಿಂಗಳಿತ್ತು. ಅದಕ್ಕೆ ದೊರೆಸಾನಿ ತಾನೇ ಸ್ಕೂಲಿಗೆ ಹೋಗಿ, ಹೆಡ್ಮಾಸ್ಟರ ಹತ್ತಿರ ವಾದ ಮಾಡಿ, ನನ್ನನ್ನು ಸ್ಕೂಲಿನ ಹಾಸ್ಟೆಲಿನಲ್ಲಿ ಪುಕ್ಕಟೆ ಇಟ್ಟುಕೊಳ್ಳುವಂತೆ ಒಪ್ಪಿಸಿದಳು. ಅಪ್ಪ ಹೂಂ ಎಂದರೆ ಸಾಕು. ಆ ಹೂಂ ಕೇಳಿಕೊಂಡು ಹೋಗುವುದಕ್ಕೆ ಒಂದು ಭಾನುವಾರ ಯಾರದೋ ಮೋಟಾರು ಬೇಡಿ ತಂದು, ನನ್ನನ್ನೂ ಕೂರಿಸಿಕೊಂಡು ನಮ್ಮೂರಿಗೇ ಬಂದಳು. ಮರುದಿನ ಬೊಂಬಾಯಿಗೆ ರೈಲು ಹತ್ತುವವಳು.

ರಾಗಿ ಒಕ್ಕಣೆಯ ಕಾಲ. ಎಲ್ಲರೂ ಕಣದಲ್ಲಿದ್ದರು. ಸಗಣಿ ಸಾರಿಸಿದ ಕಣದ ಮೇಲೆ ತೆನೆ ಹರಡಿ, ಕಾಳು ಉದುರಲೆಂದು ಎತ್ತು ಕಟ್ಟಿ ಅದರ ಮೇಲೆ ಕಲ್ಲುಗುಂಡು ಹೊಡೆಯುತ್ತಿದ್ದರು. ಮೆಟ್ಟಿನ ಕಾಲಲ್ಲಿ ಕಣ ತುಳಿಯಬಾರದು ಎಂದು ನಾನು ಹೇಳಿದೆ. ಬೂಟು ಬಿಚ್ಚಿದರೆ ಮತ್ತೆ ಕಟ್ಟುವುದಕ್ಕೆ ಹೊತ್ತಾಗುತ್ತದೆಂದು ದೊರೆಸಾನಿ ಕಣದ ಅಂಚಿನಲ್ಲೇ ನಿಂತಳು. ಅಪ್ಪ ಗುಂಡಿನ ಹಗ್ಗ ಹಿಡಿದು ಕಣದ ನಡುವೆ ನಿಂತ. ಇಬ್ಬರ ಮಧ್ಯೆ, ರಾಗಿ ಹುಲ್ಲಿನ ಮೇಲೆ, ದುಭಾಷಿ ನಾನು. ಊರಿನ ಅರ್ಧ ಜನ ಸುತ್ತ ನೆರೆದಿದ್ದರು. ಮೋಟಾರಿನವನು ತಡವಾಯಿತೆಂದು ರಸ್ತೆಯಿಂದ ಪೊಂಪೊಂ ಎನ್ನಿಸುತ್ತಿದ್ದ.

ಆಕೆ ಹೇಳಿದ್ದನ್ನೆಲ್ಲ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಕೇಳಿಸಿಕೊಂಡು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಬೇಡ ಬೇಡ ಅನ್ನಪ್ಪ," ಎಂದ ನಗುನಗುತ್ತ. "ಆಯಮ್ಮನಿಗೆ ಯಾಕೆ ಸುಮ್ನೆ ತೊಂದ್ರೆ. ಇಷ್ಟು ದಿನ ನೋಡ್ಕೊಂಡ್ರಲ್ಲ, ಅದೇ ಹೆಚ್ಚು."

ಈ ಮಾತನ್ನು ನಾನು ಹುಟ್ಟಿದಂದಿನಿಂದ ಕೇಳಿದವನು. ಮದುವೆ ಮನೆಯಲ್ಲಿ, ಹಬ್ಬದಲ್ಲಿ, ಎಲೆಯ ಮುಂದೆ ಕೂತು ಪ್ರತಿಯೊಬ್ಬರೂ ಆಡುವ ಮಾತು ಇದೇ. ಅದೇ ನಗು, ಅದೇ ತಲೆಯಾಡಿಸುವುದು. ಉಪಚಾರದ ಬೇಡ ಎಂದು ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇದನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಹೇಳಿದರೆ? ಆಕೆ ಊಟದ ತಟ್ಟೆಗೆ ಮೂರು ಸಲ ಕೇಳುವುದನ್ನು ಕಲಿತಿದ್ದಳು ನಿಜ. ಹೊರಡುವ ಅವಸರದಲ್ಲಿ, ಇಂಥ ದೊಡ್ಡ ವಿಷಯಕ್ಕೂ ಮೂರು ಸಲ ಕೇಳುತ್ತಾಳೆ ಎಂದು ಯಾರು ಹೇಳಬೇಕು? ಅತ್ತ ಮೋಟಾರು ಮತ್ತೆ ಕೂಗಿತು. ಅಪ್ಪನ ಮನಸ್ಸಿನಲ್ಲಿರುವುದನ್ನು ಹೇಳುವುದೇ ದುಭಾಷಿಯ ಧರ್ಮ ಎಂದುಕೊಂಡೆ.

"ಎಸ್," ಎಂದೆ ಗಟ್ಟಿಯಾಗಿ. ಅಪ್ಪ ಒಪ್ಪಿದ್ದಾನೆ, ನಿಮಗೆ ಬಹಳ ಥ್ಯಾಂಕ್ಯೂ ಹೇಳುತ್ತಿದ್ದಾನೆ ಎಂದೆ.

ದೊರೆಸಾನಿಗೆ ಸಂತೋಷ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಬೂಟು ಕಿತ್ತೆಸೆದು, ಕಾಲುಚೀಲದಲ್ಲೇ ಕಣದೊಳಗೆ ನಡೆದು ಬಂದು ಅಪ್ಪನ ಎರಡೂ ಕೈ ಹಿಡಿದು ಕುಲುಕಿದಳು. "ಗುಡ್, ಗುಡ್," ಎಂದಳು. ಜನ ಹೋ ಎಂದರು. ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಆಕೆಗೆ, "ಗುಡ್," ಎಂದ. ಅವ್ವ ಆಕೆಗೆ ಒಂದು ಮಡಿಲು ಅವರೆಕಾಯಿ ಕೊಟ್ಟಳು. ಮೋಟಾರು ಹೋಯಿತು.

ಜನ ಚದುರಿದ ಮೇಲೆ ಅಪ್ಪ ಹಗ್ಗವನ್ನು ನೆಲಕ್ಕೆ ಬಿಟ್ಟ.

"ನಾನು ಬೇಡ ಅಂದೆ," ಎಂದ.

"ಅದು ಮರ್ಯಾದೆಗೆ ಅಂದಿದ್ದಲ್ವಾ ಅಪ್ಪ?"

"ಮೂರು ಸಲ ಕೇಳ್ಬೇಕು ಅಂತ ಆಯಮ್ಮನಿಗೆ ಕಲಿಸ್ದೋನು ನಾನು. ನೀನು ನೋ ಅಂದಿದ್ರೆ ಖಂಡಿತ ಕೇಳಿರೋಳು. ಮೂರು ಸಲಾನೂ ಬೇಡ ಅಂತಿದ್ದೆ. ಈ ವರ್ಷ ನೀನು ಮನೇಲಿರ್ಬೇಕು ಅಂತ ನಂಗಿತ್ತು. ತಾತನ ಕೈಲಿ ಆಗಲ್ಲ, ನಾನೊಬ್ನೇ ಎಷ್ಟು ಅಂತ ದುಡೀಲಿ? ಎಷ್ಟು ಸಲ 'ಬಾ, ಬಾ' ಅಂತ ಕರೀಲಿ?"

ತಿಳಿಯಲಿಲ್ಲ ಅಪ್ಪ, ದೇವರಾಣೆಗೂ ನೀನು ಉಪಚಾರಕ್ಕೆ ಹಾಗಂದೆ ಅಂದುಕೊಂಡೆ ಎಂದೆ. ಅವನು ನಂಬಲಿಲ್ಲ. ಹೇಗೆ ನಂಬುತ್ತಾನೆ? ಎಸ್, ನೋ ಎರಡೂ ಅವನಿಗೆ ನನಗಿಂತ ಮುಂಚೆಯೇ ಬರುತ್ತಿದ್ದವು. ತನ್ನ ನೋ ಎಂಬುದನ್ನು ಮಗ ಊರ ಜನರ ಮುಂದೆ ಎಸ್ ಮಾಡಿ ನುಂಗಿಹಾಕಿದ್ದನ್ನು ಸ್ವಂತ ಕಿವಿಯಿಂದ ಕೇಳಿದ್ದ. ಆಗಲೇ ತಡೆಯಬಹುದಾಗಿತ್ತಲ್ಲ, ಯಾಕೆ ತಡೆಯಲಿಲ್ಲ ಎಂದು ಕೇಳಿದೆ.

"ಹತ್ತು ಜನರ ಮುಂದೆ ನನ್ನ ಮಗ ಸುಳ್ಳ ಅಂತ ಹೇಳ್ಲಾ?" ಎಂದ. ಬಿಟ್ಟ ಹಗ್ಗವನ್ನು ಮತ್ತೆ ಎತ್ತಿಕೊಂಡು, "ಅಷ್ಟು ಧೈರ್ಯ ಬಂದಿದೆ ಅಂದ್ಮೇಲೆ ಓದು. ನಾನು ಇನ್ನು ಕರಿಯಲ್ಲ," ಎಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲಿನದು ಬಹಳ ತಮಾಷೆ. ತನ್ನ ಮಗ ಇಂಗ್ಲಿಷಿನಲ್ಲಿ ತನ್ನ ಮಾತನ್ನೇ ತೆಗೆದುಹಾಕಿದ ಎಂದು ಅಪ್ಪ ಸಂತೆಯಲ್ಲಿ, ನೆಂಟರ ಮನೆಯಲ್ಲಿ ಹೇಳಿಕೊಂಡು ತಿರುಗಿದ. ಹೇಳುವಾಗ ಅವನ ಎದೆ ಉಬ್ಬುತ್ತಿತ್ತಂತೆ. ಎದುರು ಹೇಳುವ ಗಂಡಸಾದ ನೋಡಿ ಎನ್ನುತ್ತಿದ್ದನಂತೆ. ನಾನು ಎದುರು ಹೇಳಿದವನಲ್ಲ, ಬರೀ ತಪ್ಪು ತಿಳಿದವನು ಎಂದು ಎಷ್ಟು ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಹಾಸ್ಟೆಲಿನಲ್ಲಿ ನಾಲ್ಕು ತಿಂಗಳಿದ್ದು ಪರೀಕ್ಷೆ ಬರೆದೆ. ಪಾಸಾದೆ. ತಾತ ಊರಿಗೆಲ್ಲ ಬೆಲ್ಲ ಹಂಚಿದ. ಶಾನುಭೋಗರು, ಈ ಹುಡುಗನಿಗೆ ವಿದೇಶದ ವಿಷಯವೆಲ್ಲ ತಾವೇ ಹೇಳಿಕೊಟ್ಟದ್ದು ಎಂದರು. ಪೇಟೆಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸವೂ ಆಯಿತು.

ಮುಂದಿನ ಸುಗ್ಗಿಗೆ ರಜ ಹಾಕಿ ಊರಿಗೆ ಹೋದೆ. ಶರ್ಟು ಬಿಚ್ಚಿ ಬದುವಿನ ಮೇಲಿಟ್ಟು ಕಣಕ್ಕಿಳಿದೆ. ಗುಂಡು ಎಳೆಯುತ್ತಿದ್ದ ಎತ್ತಿನ ಹಗ್ಗಕ್ಕೆ ಕೈ ಹಾಕಿದೆ. ಕಣಕ್ಕೆ ತಡವಾಗಿ ಬಂದರೆ ಬಾರುಕೋಲು ಎತ್ತುತ್ತಿದ್ದ ಮನುಷ್ಯ ಅಪ್ಪ. ಅವತ್ತು, "ಬೇಡ ಬಿಡಪ್ಪ, ನಿನಗ್ಯಾಕೆ ತೊಂದ್ರೆ," ಎಂದ. ಇಲ್ಲ ಅಪ್ಪ, ನಾನು ಹೊಡೀತೀನಿ ಎಂದೆ. ಅಯ್ಯೋ ಬೇಡಪ್ಪ, ದೂರದಿಂದ ಬಂದಿದ್ದೀಯ ಎಂದ. ಹಗ್ಗ ಬಿಡದೆ ಮೂರನೇ ಸಲ ಕೇಳಿದೆ. ಅಪ್ಪ ಮೂರನೇ ಸಲವೂ ಬೇಡ ಎಂದ. ನೆಂಟರನ್ನು ನೋಡಿ ನಗುವಂತೆ ನಕ್ಕು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ತೆಗೆದುಕೊಂಡ. ನಾನು ಹೋಗಿ ಹುಣಸೆಮರದ ನೆರಳಿನಲ್ಲಿ ಕೂತೆ. ಅವ್ವ ಮಜ್ಜಿಗೆ ತಂದುಕೊಟ್ಟಳು.